ಕಂಡಷ್ಟೇ ಬರೆಯುವುದು

ಗಂಟು ಮೊದಲು ಗೊತ್ತಾದದ್ದು ಬೈನಾಕ್ಯುಲರಿನ ಪಟ್ಟಿಯಿಂದ. 2024ರ ಸೆಪ್ಟೆಂಬರ್ ಕೊನೆಯ ಭಾನುವಾರ ಬೆಳಿಗ್ಗೆ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಿಂತು, ಹಾವಕ್ಕಿಯೊಂದು ಮುಳುಗಿದ ಮರದ ಕೊಂಬೆಯ ಮೇಲೆ ರೆಕ್ಕೆ ಬಿಡಿಸಿ ಒಣಗಿಸಿಕೊಳ್ಳುವುದನ್ನು ನೋಡುತ್ತಿದ್ದೆ. ಕತ್ತಿನ ಎಡಬದಿಯಲ್ಲಿ, ಪಟ್ಟಿ ಒತ್ತುವ ಜಾಗದಲ್ಲಿ ಏನೋ ಅಡ್ಡ ಸಿಕ್ಕಂತಾಯಿತು. ಕೈಯಾಡಿಸಿದೆ. ಚರ್ಮದ ಕೆಳಗೆ ಸಣ್ಣ ನೆಲ್ಲಿಕಾಯಿಯಷ್ಟು ಗಂಟು. ನೋವಿರಲಿಲ್ಲ. ಪಟ್ಟಿಯನ್ನು ಕತ್ತಿನಿಂದ ತೆಗೆದು ಹೆಗಲಿಗೆ ಹಾಕಿಕೊಂಡೆ. ಪಕ್ಕದಲ್ಲಿದ್ದ ಗೆಳತಿಗೆ ಏನೂ ಹೇಳಲಿಲ್ಲ.

ಆಗ ನಾನು ಬಿ.ಎಸ್‌ಸಿ. ಎರಡನೇ ವರ್ಷದಲ್ಲಿದ್ದೆ. ಕೊಳ್ಳೇಗಾಲದ ಕಡೆಯ ಹಳ್ಳಿಯಿಂದ ಬಂದು ಹಾಸ್ಟೆಲ್ ಸೇರಿದವಳು. ಮೊದಲ ವರ್ಷ ಲೈಬ್ರರಿಯಲ್ಲಿ ಪೂರ್ಣಚಂದ್ರ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ಕೈಗೆ ಸಿಕ್ಕಿತ್ತು. ಊರಿನಲ್ಲಿ ದಿನವೂ ಕಣ್ಣಿಗೆ ಬೀಳುತ್ತಿದ್ದ, ನಾವು ಬರೀ ‘ಗುಬ್ಬಿ’ ಎಂದೋ ‘ಕೊಕ್ಕರೆ’ ಎಂದೋ ಸುಮ್ಮನಾಗುತ್ತಿದ್ದ ಅಷ್ಟೂ ಜೀವಗಳಿಗೆ ಬೇರೆ ಬೇರೆ ಹೆಸರಿದೆ ಎಂದು ತಿಳಿದ ದಿನ ನನಗೆ ನಿದ್ದೆ ಬರಲಿಲ್ಲ. ಸೀನಿಯರ್ ಒಬ್ಬರು ತಮ್ಮ ಹಳೆಯ ಬೈನಾಕ್ಯುಲರ್ ಕೊಟ್ಟರು. ಕಾಲೇಜಿನಲ್ಲಿ ಹಕ್ಕಿ ನೋಡುವ ಏಳೆಂಟು ಮಂದಿಯ ಗುಂಪೊಂದಿತ್ತು. ಭಾನುವಾರ ಬಂತೆಂದರೆ ಲಿಂಗಾಂಬುಧಿ ಕೆರೆ, ಕಾರಂಜಿ ಕೆರೆ, ಇಲ್ಲವೇ ಕುಕ್ಕರಹಳ್ಳಿ. ಗುಂಪಿನಲ್ಲಿ ಒಬ್ಬೊಬ್ಬರದೂ ಒಂದು ಪಟ್ಟಿ. ಯಾರ ಪಟ್ಟಿಯಲ್ಲಿ ಎಷ್ಟು ಜಾತಿ ಎಂಬುದು ನಮ್ಮೊಳಗೆ ದೊಡ್ಡ ವಿಷಯ. ನನ್ನದು ಆಗ 147ಕ್ಕೆ ಬಂದು ನಿಂತಿತ್ತು.

ಗಂಟಿನ ವಿಷಯ ಮುಚ್ಚಿಟ್ಟದ್ದಕ್ಕೆ ಕಾರಣ ಆ 147 ಕೂಡ ಹೌದು. ಆಸ್ಪತ್ರೆ ಎಂದರೆ ಊರಿಗೆ ಫೋನು, ಊರಿಗೆ ಫೋನು ಎಂದರೆ ಅಮ್ಮ ಬಂದು ಕರೆದುಕೊಂಡು ಹೋಗುವುದು, ಹೋದರೆ ಇಂಟರ್ನಲ್ಸ್ ತಪ್ಪುತ್ತದೆ, ಅಟೆಂಡೆನ್ಸ್ 75ಕ್ಕಿಂತ ಕೆಳಗೆ ಇಳಿಯುತ್ತದೆ. ಅಕ್ಟೋಬರ್ ಎಂದರೆ ವಲಸೆ ಹಕ್ಕಿಗಳು ಬರುವ ಕಾಲ, ಅದೂ ತಪ್ಪುತ್ತದೆ. ಸಂಜೆಯಾದರೆ ಸಣ್ಣಗೆ ಜ್ವರ ಬರತೊಡಗಿತು. ಬಿಸಿಲಿನಲ್ಲಿ ತಿರುಗಿದ್ದಕ್ಕೆ ಎಂದೆ. ರಾತ್ರಿ ದಿಂಬು ಒದ್ದೆಯಾಗುತ್ತಿತ್ತು. ಸೆಖೆ ಎಂದೆ. ಚೂಡಿದಾರ ಸಡಿಲವಾಯಿತು. ಮೆಸ್ಸಿನ ಊಟ ಸೇರುತ್ತಿಲ್ಲ ಎಂದೆ. ಕೇಳಿದವರಿಗೆಲ್ಲ ಒಂದೊಂದು ಉತ್ತರ ಸಿದ್ಧವಿತ್ತು.

ಅದೇ ತಿಂಗಳು ಇನ್ನೊಂದು ಸುಳ್ಳನ್ನೂ ಬರೆದೆ. ಒಂದು ಬೆಳಿಗ್ಗೆ ಹಾಸ್ಟೆಲಿನ ಹಿಂದಿನ ತೋಪಿನಲ್ಲಿ ಗೆಳತಿಗೆ ನವರಂಗ ಕಂಡಿತು. ಉತ್ತರದ ಕಡೆಯಿಂದ ಚಳಿಗಾಲಕ್ಕೆಂದು ಇಳಿದುಬರುವ, ಹೊಟ್ಟೆಯ ಕೆಳಗೆ ಕೆಂಪು, ಬೆನ್ನಿಗೆ ಹಸಿರು, ರೆಕ್ಕೆಯಲ್ಲಿ ಮಿನುಗುವ ನೀಲಿ ಇರುವ ಹಕ್ಕಿ. ನೆಲದ ಮೇಲೆ ತರಗೆಲೆ ಕೆದಕುತ್ತ ಓಡಾಡುತ್ತದೆ. ಅವಳು ಪಿಸುಗುಟ್ಟುತ್ತ ಕೈಸನ್ನೆ ಮಾಡಿದಳು. ನಾನು ಮೆಟ್ಟಿಲ ಮೇಲೆ ಕುಳಿತಿದ್ದೆ. ಮೂವತ್ತು ಹೆಜ್ಜೆ ನಡೆದಿದ್ದರೆ ಸಾಕಿತ್ತು, ಏಳಲಾಗಲಿಲ್ಲ. ತರಗೆಲೆಯ ಸದ್ದು ಕಿವಿಗೆ ಬಿತ್ತು, ಹಕ್ಕಿ ಕಣ್ಣಿಗೆ ಬೀಳಲಿಲ್ಲ. ಆ ರಾತ್ರಿ ಮೊಬೈಲಿನಲ್ಲಿ ಇ-ಬರ್ಡ್ ತೆರೆದು ನನ್ನ ಪಟ್ಟಿಗೂ ನವರಂಗ ಸೇರಿಸಿದೆ. 148.

ನವೆಂಬರ್ ಮೊದಲ ವಾರ ಪ್ರಾಕ್ಟಿಕಲ್ ತರಗತಿಯಲ್ಲಿ ಕಣ್ಣು ಕತ್ತಲೆ ಬಂದು ಕುಳಿತುಬಿಟ್ಟೆ. ಅಲ್ಲಿಂದ ಮುಂದಿನದು ನನ್ನ ಕೈಯಲ್ಲಿರಲಿಲ್ಲ. ಸರಸ್ವತಿಪುರಂನಲ್ಲಿದ್ದ ಚಿಕ್ಕಮ್ಮ ಬಂದರು, ಊರಿನಿಂದ ಅಮ್ಮ ಬಂದಳು. ಡಾಕ್ಟರು ಗಂಟನ್ನು ಮುಟ್ಟಿ ನೋಡಿ ಕೇಳಿದರು, “ಎಷ್ಟು ದಿನದಿಂದ ಇದೆಯಮ್ಮ ಇದು?”

“ಒಂದು ವಾರದಿಂದ ಸರ್.”

ಅವರು ಬರೆಯುವುದನ್ನು ನಿಲ್ಲಿಸಿದರು. “ಸರಿಯಾಗಿ ನೆನಪು ಮಾಡಿಕೊಂಡು ಹೇಳಮ್ಮ. ನೀನು ಹೇಳಿದ್ದನ್ನೇ ನಾನು ಬರೆದುಕೊಳ್ಳೋದು. ಇದನ್ನ ನೋಡಿಯೇ ಮುಂದಿನದೆಲ್ಲ.”

ಅಮ್ಮ ನನ್ನ ಮುಖ ನೋಡುತ್ತಿದ್ದಳು. “ಆರು ವಾರ” ಎಂದೆ. ಜ್ವರ, ಬೆವರು, ಊಟ ಸೇರದಿರುವುದು ಎಲ್ಲವನ್ನೂ ಹೇಳಿದೆ. 48 ಕಿಲೋ ಇದ್ದವಳು ಆ ದಿನ 44 ತೂಗಿದೆ. ಗಂಟಿಗೆ ಸೂಜಿ ಹಾಕಿ ತೆಗೆದ ಮಾದರಿಯ ಫಲಿತಾಂಶ ಬಂತು: ದುಗ್ಧಗ್ರಂಥಿಯ ಕ್ಷಯ. ಟಿ.ಬಿ.

ಜಗತ್ತಿನ ಕ್ಷಯರೋಗಿಗಳಲ್ಲಿ ನಾಲ್ವರಲ್ಲಿ ಒಬ್ಬರು ನಮ್ಮ ದೇಶದವರು. ಹೀಗಿದ್ದೂ ಆ ಹೆಸರನ್ನು ನಮ್ಮ ಮನೆಗಳಲ್ಲಿ ಇನ್ನೂ ಬಾಗಿಲು ಹಾಕಿಕೊಂಡೇ ಹೇಳುತ್ತಾರೆ. “ಯಾರ್ಗೂ ಹೇಳ್ಬ್ಯಾಡ ಕಣವ್ವ, ನಾಳೆ ಮದ್ವೆ ಕಾಲ್ದಲ್ಲಿ ಆಡ್ಕತಾರೆ” ಎಂದು ಅಮ್ಮ ಆಸ್ಪತ್ರೆಯ ಕಾರಿಡಾರಿನಲ್ಲೇ ಕಣ್ಣೊರೆಸಿಕೊಂಡಳು. ಶ್ವಾಸಕೋಶದಲ್ಲಿಲ್ಲದೆ ಬರೀ ಗ್ರಂಥಿಯಲ್ಲಿರುವ ಕ್ಷಯ ಕೆಮ್ಮಿನಿಂದಾಗಲಿ ಉಸಿರಿನಿಂದಾಗಲಿ ಹರಡುವುದಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು. ಆದರೂ ಹಾಸ್ಟೆಲಿನಲ್ಲಿ ನನ್ನ ಲೋಟ ಬೇರೆಯಾಯಿತು. ಯಾರೂ ಏನೂ ಅನ್ನಲಿಲ್ಲ, ಲೋಟ ಮಾತ್ರ ಬೇರೆ ಗೂಡಿಗೆ ಹೋಯಿತು. ನಾನು ಚಿಕ್ಕಮ್ಮನ ಮನೆಗೆ ಬಂದುಬಿಟ್ಟೆ.

ನವೆಂಬರ್ 11, ಸೋಮವಾರ, ಮೊದಲ ಡೋಸು. ಒಟ್ಟು 168 ದಿನ. ನಾಲ್ಕು ಔಷಧಿ ಸೇರಿದ ಮೂರು ಮಾತ್ರೆ ಮೊದಲ 56 ದಿನ, ಆಮೇಲೆ ಮೂರು ಔಷಧಿ ಸೇರಿದ್ದು 112 ದಿನ. ಸರ್ಕಾರದ್ದು, ದುಡ್ಡಿಲ್ಲ. ಪೌಷ್ಟಿಕ ಆಹಾರಕ್ಕೆಂದು ಕೊಡುವ ಹಣವೂ ಆ ತಿಂಗಳಿನಿಂದಲೇ 500ರಿಂದ 1000 ರೂಪಾಯಿಗೆ ಏರಿತ್ತು. ಚಿಕ್ಕಮ್ಮ ಅದಕ್ಕೆಂದೇ ಲೆಕ್ಕ ಇಟ್ಟು ಮೊಟ್ಟೆ, ಕಡಲೆಬೀಜ, ಹೆಸರುಕಾಳು ತರುತ್ತಿದ್ದರು. ಮಾತ್ರೆ ನುಂಗಿದ ಮೇಲೆ ಒಂದೂವರೆ ಗಂಟೆ ಹೊಟ್ಟೆ ತೊಳಸುತ್ತಿತ್ತು. ಮೂತ್ರ ಕಿತ್ತಳೆ ಬಣ್ಣ. ಮಂಡಿ, ಹರಡು ಹಿಡಿದುಕೊಳ್ಳುತ್ತಿದ್ದವು. ಇವೆಲ್ಲ ಮೊದಲೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ. ಗಾಬರಿಯಾದದ್ದು ಡಾಕ್ಟರು ಹೇಳಿದ ಇನ್ನೊಂದು ಮಾತಿಗೆ.

ನಾಲ್ಕು ಔಷಧಿಗಳಲ್ಲಿ ಎಥಾಂಬ್ಯುಟಾಲ್ ಎಂಬುದೊಂದು. ಅಪರೂಪಕ್ಕೆ ಕೆಲವರಲ್ಲಿ ಅದು ಕಣ್ಣಿನ ನರಕ್ಕೆ ತೊಂದರೆ ಕೊಡುತ್ತದೆ. ಕೆಂಪು ಮತ್ತು ಹಸಿರಿನ ವ್ಯತ್ಯಾಸ ಮಸುಕಾಗುವುದು ಅದರ ಮೊದಲ ಸುಳಿವುಗಳಲ್ಲೊಂದು. ಬೇಗ ಗೊತ್ತಾಗಿ ಔಷಧಿ ನಿಲ್ಲಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ, ತಡವಾದರೆ ಹೇಳಲಾಗದು. “ದಿನಾ ಒಂದೊಂದೇ ಕಣ್ಣು ಮುಚ್ಚಿಕೊಂಡು ನೋಡ್ಕೊಳಮ್ಮ. ಪೇಪರಿನ ಸಣ್ಣ ಅಕ್ಷರ, ಒಂದು ಕೆಂಪು ವಸ್ತು, ಒಂದು ಹಸಿರು ವಸ್ತು. ಬದಲಾದರೆ ಅವತ್ತೇ ಬಾ.”

ಹಕ್ಕಿ ನೋಡುವವಳ ಕಣ್ಣು. ಆ ರಾತ್ರಿ ನಾನು ಅತ್ತದ್ದು ಕ್ಷಯಕ್ಕಲ್ಲ.

ಚಿಕ್ಕಮ್ಮ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಅವರ ಪೆಟ್ಟಿಗೆಯಿಂದ ಒಂದು ಕೆಂಪು, ಒಂದು ಹಸಿರು ದಾರದ ಉಂಡೆ ತೆಗೆದು ತಾರಸಿಯ ಮೋಟುಗೋಡೆಯ ಮೇಲಿಟ್ಟೆ. ಬೆಳಿಗ್ಗೆ ಹೊಟ್ಟೆ ತೊಳಸುವುದು ನಿಂತ ಮೇಲೆ ಮೇಲೆ ಹೋಗಿ ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ, ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ನೋಡುವುದು. ಬೀದಿಯ ಕೊನೆಯಲ್ಲಿ ದೊಡ್ಡ ಅರಳಿಮರವೊಂದಿದೆ, ಸುತ್ತ ಕಟ್ಟೆ. ದಾರ ನೋಡಿದ ಮೇಲೆ ಬೈನಾಕ್ಯುಲರ್ ಎತ್ತಿ ಆ ಮರದಲ್ಲಿ ಚಿಟ್ಟುಕುಟ್ರ ಹುಡುಕುತ್ತಿದ್ದೆ. ಗುಬ್ಬಿಗಿಂತ ಸ್ವಲ್ಪ ದೊಡ್ಡದು, ಗುಂಡಗೆ. ಮೈಯೆಲ್ಲ ಎಲೆಹಸಿರು, ಹಣೆಯ ಮೇಲೆ ಕುಂಕುಮ ಇಟ್ಟಂಥ ಕೆಂಪು, ಗಂಟಲ ಕೆಳಗೆ ಇನ್ನೊಂದು ಕೆಂಪು ಪಟ್ಟೆ. ಬೇಸಿಗೆಯಲ್ಲಿ ಕಂಚುಗಾರ ತಾಮ್ರ ಬಡಿದಂತೆ ಟುಕ್ ಟುಕ್ ಎನ್ನುವ ಹಕ್ಕಿ ಇದೇ. ಚಳಿಯ ದಿನಗಳಲ್ಲಿ ಹೆಚ್ಚು ಕೂಗುವುದಿಲ್ಲವಾದ್ದರಿಂದ ಕಣ್ಣಿನಿಂದಲೇ ಹುಡುಕಬೇಕು. ಹಸಿರಿನೊಳಗೆ ಹಸಿರು, ಅದರ ಹಣೆಯಲ್ಲಿ ಕೆಂಪು. ನನಗೆ ಬೇಕಾದ ಪರೀಕ್ಷೆ ಅದಕ್ಕಿಂತ ಚೆನ್ನಾಗಿ ಇನ್ನೆಲ್ಲಿತ್ತು?

ಒಂದು ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದೆ. ಎಡಪುಟದಲ್ಲಿ ನಾನು: ಡೋಸಿನ ಸಂಖ್ಯೆ, ಸಂಜೆಯ ಜ್ವರ, ತೂಕ, ಎಡಗಣ್ಣು, ಬಲಗಣ್ಣು. ಬಲಪುಟದಲ್ಲಿ ಹಕ್ಕಿ. ಹದಿನೈದು ನಿಮಿಷ ಒಂದೇ ಕಡೆ ಕುಳಿತು ಕಂಡದ್ದು, ಕೇಳಿದ್ದು. ಇ-ಬರ್ಡ್‌ನಲ್ಲಿ ಪಟ್ಟಿ ಕಳಿಸುವ ಮುನ್ನ ಒಂದು ಪ್ರಶ್ನೆ ಬರುತ್ತದೆ: ನೀವು ಗುರುತಿಸಲು ಸಾಧ್ಯವಾದ ಎಲ್ಲ ಹಕ್ಕಿಗಳನ್ನೂ ಇದರಲ್ಲಿ ಸೇರಿಸಿದ್ದೀರಾ ಎಂಬರ್ಥದ್ದು. ಮೊದಲೆಲ್ಲ ಯೋಚಿಸದೆ ‘ಹೌದು’ ಒತ್ತುತ್ತಿದ್ದೆ. ಕಾಗೆ, ಪಾರಿವಾಳ ಬಿಟ್ಟು ಅಪರೂಪದ್ದನ್ನಷ್ಟೇ ಬರೆದಿದ್ದರೂ ‘ಹೌದು’. ಈಗ ತಾರಸಿಯಲ್ಲಿ ಕುಳಿತು ಆ ಪ್ರಶ್ನೆಯ ಅರ್ಥ ಹೊಳೆಯಿತು. ಎಲ್ಲವನ್ನೂ ಬರೆದಾಗ ಮಾತ್ರ, ಬರೆಯದೆ ಬಿಟ್ಟ ಹಕ್ಕಿ ಅಲ್ಲಿ ಕಾಣಲಿಲ್ಲ ಎಂದು ಓದುವವರು ತಿಳಿಯಬಹುದು. ಕಾಣಲಿಲ್ಲ ಎಂಬುದೂ ಒಂದು ವಿಷಯ. ಹತ್ತು ವರ್ಷ ಬಿಟ್ಟು ಯಾರೋ ಒಬ್ಬರು, ಸರಸ್ವತಿಪುರಂನಲ್ಲಿ ಗುಬ್ಬಚ್ಚಿ ಯಾವಾಗ ಕಡಿಮೆಯಾಯಿತು ಎಂದು ಹುಡುಕಬಹುದು. ಅವರಿಗೆ ನನ್ನ ಅವಸರದ ‘ಹೌದು’ ಸುಳ್ಳು ದಾರಿ ತೋರಿಸುತ್ತದೆ.

ನವರಂಗವನ್ನು ಅಳಿಸಿದೆ. ಗುಂಪಿನವರಿಗೂ ಹೇಳಿದೆ. ಗೆಳತಿ, “ನಾನು ನೋಡಿದ್ನಲ್ಲೇ, ನೀನೂ ಅಲ್ಲೇ ಇದ್ಯಲ್ಲ, ಬಿಡು” ಎಂದಳು. ಅವಳ ಪ್ರೀತಿ ದೊಡ್ಡದು. ಆದರೆ ಅಲ್ಲಿ ಇದ್ದದ್ದು ಬೇರೆ, ನೋಡಿದ್ದು ಬೇರೆ. 147.

ಡಿಸೆಂಬರಿನಲ್ಲಿ ಒಂದು ಸಂಜೆ ಎಡಗಣ್ಣಿಗೆ ಕೆಂಪು ದಾರ ಕಂದಾಗಿ ಕಂಡಿತು. ಎದೆ ಧಸಕ್ಕೆಂದಿತು. ಔಷಧಿ ನಿಲ್ಲಿಸಿಬಿಡುತ್ತಾರೆ, ಆರು ತಿಂಗಳು ಹೋಗಿ ಒಂದು ವರ್ಷವಾಗುತ್ತದೆ, ನಾಳೆ ನೋಡೋಣ ಎಂದು ಹಳೆಯ ಚಾಳಿಯೇ ಬಾಯಿ ತೆರೆಯಿತು. ಪೆನ್ನು ಹಿಡಿದು ಕುಳಿತೆ. ‘ಎಡಗಣ್ಣು ಸರಿ’ ಎಂದು ಬರೆಯಲು ಕೈ ಬರಲಿಲ್ಲ. ಕಂಡದ್ದನ್ನೇ ಬರೆದೆ: ಸಂಜೆ 6.10, ಎಡಗಣ್ಣಿಗೆ ಕೆಂಪು ದಾರ ಕಂದು. ಮರುದಿನ ಬೆಳಿಗ್ಗೆಯೇ ಪುಸ್ತಕದ ಸಮೇತ ಹೋದೆ. ಕಣ್ಣಿನ ಡಾಕ್ಟರು ಬಣ್ಣದ ಚುಕ್ಕಿಗಳ ನಡುವೆ ಅಂಕಿ ಅಡಗಿರುವ ಪುಟಗಳನ್ನು ಒಂದೊಂದಾಗಿ ತೋರಿಸಿದರು. ಎರಡು ಕಣ್ಣೂ ಅಷ್ಟನ್ನೂ ಓದಿದವು. ಅವರು ನನ್ನ ಪುಸ್ತಕ ತಿರುವಿ, “ಬೇರೆ ದಿನ ಎಲ್ಲ ಬೆಳಿಗ್ಗೆ ಎಂಟು ಗಂಟೆ ಅಂತಿದೆ. ಇದೊಂದು ದಿನ ಸಂಜೆ ಆರೂ ಹತ್ತು. ಡಿಸೆಂಬರಿನಲ್ಲಿ ಆ ಹೊತ್ತಿಗೆ ಬೆಳಕೇ ಇರಲ್ಲವಲ್ಲಮ್ಮ” ಎಂದರು. ಹೊತ್ತನ್ನು ಬರೆದಿಟ್ಟಿದ್ದರಿಂದಲೇ ಅದು ಗೊತ್ತಾಯಿತು. ಅಂದಿನಿಂದ ಎರಡೂ ಪುಟಗಳಲ್ಲಿ ‘ಬೆಳಕು’ ಎಂಬ ಒಂದು ಸಾಲು ಸೇರಿತು. ಮಬ್ಬು, ಬಿಸಿಲು, ಎದುರು ಬೆಳಕು. ಹಕ್ಕಿಯ ಬಣ್ಣಕ್ಕೂ ಅದು ಬೇಕೇ ಬೇಕು. ಎದುರು ಬೆಳಕಿನಲ್ಲಿ ಎಂಥ ಮಿಂಚುಳ್ಳಿಯೂ ಕಪ್ಪಾಗಿಯೇ ಕಾಣುತ್ತದೆ.

ಬೆಳಗಿನ ಹೊತ್ತು ಮಾತ್ರೆಗೆ ಹೋದದ್ದರಿಂದ ಕೆರೆಗೆ ಹೋಗುವುದು ಸಂಜೆಗೆ ತಿರುಗಿತು. ಕುಕ್ಕರಹಳ್ಳಿ ಕೆರೆ ಚಿಕ್ಕಮ್ಮನ ಮನೆಯಿಂದ ನಡೆಯುವ ದೂರ. ಕುವೆಂಪು ಅವರು ವಾಯುವಿಹಾರಕ್ಕೆ ಬರುತ್ತಿದ್ದ ದಾರಿ ಅದು. ಮೊದಲು ಗುಂಪಿನೊಂದಿಗೆ ಇಡೀ ಸುತ್ತು ಹಾಕುತ್ತಿದ್ದವಳು ಈಗ ಮೊದಲ ಕಲ್ಲುಬೆಂಚಿನವರೆಗೆ ಹೋಗಿ ಕುಳಿತುಬಿಡುತ್ತಿದ್ದೆ. ನಡೆಯುವವರು ಎರಡೆರಡು ಸಲ ನನ್ನನ್ನು ದಾಟಿ ಹೋಗುತ್ತಿದ್ದರು. ಐದು ಗಂಟೆಗೆ ಹೆಜ್ಜಾರ್ಲೆಗಳು ಗಾಳಿಯಲ್ಲಿ ತೇಲುತ್ತ ಬಂದು, ಪಾದಗಳನ್ನು ಮುಂದೆ ಚಾಚಿ ನೀರನ್ನು ಸೀಳುತ್ತ ಇಳಿಯುತ್ತವೆ. ನೀರುಕಾಗೆಗಳು ನಡುಗಡ್ಡೆಯ ಮರಗಳಲ್ಲಿ ಜಾಗಕ್ಕೆ ಜಗಳವಾಡುತ್ತವೆ. ಗಿಳಿಗಳು ಕಿರುಚುತ್ತ ತಂಡ ತಂಡವಾಗಿ ಮಾನಸಗಂಗೋತ್ರಿಯ ಮರಗಳ ಕಡೆಗೆ ಹೋಗುತ್ತವೆ. ಎಲ್ಲ ಸದ್ದಡಗಿ, ಇನ್ನು ಏಳೋಣ ಎನ್ನುವಾಗ ಇರುಳು ಬಕಗಳು ಹೊರಡುತ್ತವೆ. ಹಗಲಿಡೀ ಕೊಂಬೆಗಳಲ್ಲಿ ಕತ್ತು ಹುದುಗಿಸಿ ಕುಳಿತಿದ್ದವು ಒಂದೊಂದಾಗಿ ‘ಕ್ವಾಕ್’ ಎನ್ನುತ್ತ ತಲೆಯ ಮೇಲೆ ದಾಟುತ್ತವೆ. ಒಂದು ಸಂಜೆ 34 ಎಣಿಸಿದೆ, ಮರುದಿನ 29. ಒಂದೂವರೆ ವರ್ಷದಿಂದ ಆ ಕೆರೆಗೆ ಹೋಗುತ್ತಿದ್ದೆ. ಈ ಹೊತ್ತು ನಾನು ಕಂಡಿರಲೇ ಇಲ್ಲ. ಬೆಳಿಗ್ಗೆ ಎಂಟಕ್ಕೆಲ್ಲ ಪಟ್ಟಿ ಮುಗಿಸಿ ಇಡ್ಲಿ ತಿನ್ನಲು ಓಡುವವರಿಗೆ ಇದು ಕಾಣುವಂತಿರಲಿಲ್ಲ.

ಓದಿನ ವಿಷಯ ಅಷ್ಟು ಸಲೀಸಾಗಿ ಸಾಗಲಿಲ್ಲ. ಪ್ರಾಣಿಶಾಸ್ತ್ರದ ರೆಕಾರ್ಡಿನಲ್ಲಿ ಪಾರಿವಾಳದ ಗರಿಗಳ ಚಿತ್ರ ಬರೆಯಬೇಕಿತ್ತು. ಸೀನಿಯರ್‌ಗಳ ರೆಕಾರ್ಡ್ ನೋಡಿ ನಕಲು ಮಾಡುವುದು ಎಲ್ಲರೂ ನಡೆಸಿಕೊಂಡು ಬಂದದ್ದು. ತರಗತಿ ತಪ್ಪಿಸಿಕೊಂಡವಳಿಗೆ ಬೇರೆ ದಾರಿಯೂ ಇರಲಿಲ್ಲ. ಆದರೆ ತಾರಸಿಯಲ್ಲಿ ಪಾರಿವಾಳದ ಗರಿಯೊಂದು ಬಿದ್ದಿತ್ತು. ಅದರ ಎಳೆಗಳನ್ನು ಉಗುರಿನಿಂದ ಬಿಡಿಸಿ, ಮತ್ತೆ ಬೆರಳ ನಡುವೆ ಎಳೆದರೆ ಅವು ಜಿಪ್ಪಿನ ಹಾಗೆ ಕೂಡಿಕೊಳ್ಳುತ್ತಿದ್ದವು. ಕೊಕ್ಕೆಗಳಿಂದ ಎಳೆಗಳು ಬೆಸೆದಿರುತ್ತವೆ ಎಂದು ಪುಸ್ತಕದಲ್ಲಿ ಎರಡು ಸಲ ಓದಿದ್ದೆ. ಬೆರಳಿಗೆ ತಿಳಿದದ್ದು ಅಂದು. ಆ ಗರಿಯನ್ನೇ ನೋಡಿ ಚಿತ್ರ ಬರೆದೆ, ತುದಿ ಸವೆದದ್ದು ಸಮೇತ. ಕೂದಲಿನಂಥ ಸಣ್ಣ ಗರಿ ಸಿಗಲಿಲ್ಲ, ಅದನ್ನು ಬಿಟ್ಟೆ. ಅಂಕ ಹೋಯಿತು. ಅಂಕ ಕೊಡುವವರ ಮೇಲೆ ಬೇಸರವಿಲ್ಲ. ಸಿಲೆಬಸ್ಸಿನಲ್ಲಿದ್ದದ್ದು ಇರಬೇಕು ಎನ್ನುವುದು ಅವರ ಕೆಲಸ. ರಸಾಯನಶಾಸ್ತ್ರದ ಪೇಪರು ಮಾತ್ರ ಬ್ಯಾಕ್‌ಲಾಗ್ ಆಗಿ ಉಳಿಯಿತು. ಮೂರು ಗಂಟೆ ಕುಳಿತು ಬರೆಯುವ ತ್ರಾಣ ಇರಲಿಲ್ಲ, ಓದಿದ್ದೂ ಸಾಕಷ್ಟಿರಲಿಲ್ಲ. ಎರಡನೆಯದನ್ನು ಮೊದಲನೆಯದರ ಹಿಂದೆ ಅಡಗಿಸುವುದು ಸುಲಭ, ಮನೆಯವರು ನಂಬುತ್ತಾರೆ ಕೂಡ. ಅಪ್ಪನಿಗೆ ಫೋನಿನಲ್ಲಿ ಎರಡನ್ನೂ ಹೇಳಿದೆ. “ಆಯ್ತು, ಮುಂದ್ಲ ಸಲ ಓದ್ಕಂಡು ಬರಿ” ಎಂದರು, ಅಷ್ಟೇ.

ಜನವರಿ 6ರಿಂದ ಮಾತ್ರೆ ಬದಲಾಗಿ ಮಂಡಿನೋವು ಇಳಿಯಿತು. ಆದರೆ ಅದೇ ವಾರ ಗಂಟು ದೊಡ್ಡದಾಯಿತು. ಎರಡು ತಿಂಗಳು ಒಂದು ಡೋಸೂ ತಪ್ಪಿಸದೆ ನುಂಗಿದ ಮೇಲೆ ಹೀಗೆ! ಈ ಸಲ ಅವತ್ತೇ ಹೋದೆ. ಗ್ರಂಥಿಯ ಕ್ಷಯದಲ್ಲಿ ಔಷಧಿ ಸರಿಯಾಗಿ ಕೆಲಸ ಮಾಡುತ್ತಿರುವಾಗಲೇ ಕೆಲವೊಮ್ಮೆ ಊತ ಹೆಚ್ಚಾಗುವುದುಂಟಂತೆ. ಡಾಕ್ಟರು ಅಳತೆ ಪಟ್ಟಿಯಿಂದ ಗಂಟನ್ನು ಅಳೆದು ಬರೆದುಕೊಂಡರು, ನಾನೂ ಬರೆದುಕೊಂಡೆ. ತೂಕ 46 ಆಗಿತ್ತು, ಜ್ವರದ ಸಾಲು ಮೂರು ವಾರದಿಂದ ಖಾಲಿ. ಬರೀ ಗಂಟನ್ನಷ್ಟೇ ನೋಡಿಕೊಂಡಿದ್ದರೆ ಸೋತೆ ಎಂದುಕೊಳ್ಳುತ್ತಿದ್ದೆ. ಪುಟವನ್ನು ಇಡಿಯಾಗಿ ನೋಡಿದಾಗ ಹಾಗಿರಲಿಲ್ಲ.

ಆ ತಿಂಗಳ ಕೊನೆಯಲ್ಲಿ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಹೋದೆವು. ಗುಂಪಿನವರು ಡಿಸೆಂಬರಿನಲ್ಲೇ ಹೋಗಿ ಬಂದಿದ್ದರು, ನನಗೋಸ್ಕರ ಮತ್ತೆ ಹೊರಟರು. ಅಲ್ಲಿಗೆ ಪ್ರತಿ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಮಂಗೋಲಿಯಾ, ಟಿಬೆಟ್ಟಿನ ಕಡೆಗಳಲ್ಲಿ ಮರಿ ಮಾಡಿ, ಹಿಮಾಲಯವನ್ನೇ ದಾಟಿ ನಮ್ಮ ಕೆರೆಗಳಿಗೆ ಇಳಿಯುವ ಹಕ್ಕಿಗಳು. ರಾತ್ರಿ ಸುತ್ತಲ ಹೊಲಗದ್ದೆಗಳಲ್ಲಿ ಮೇದು ಹಗಲು ನೀರಿನಲ್ಲಿ ವಿಶ್ರಮಿಸುತ್ತವೆ. ನಾನು ಏರಿಯ ಮೇಲೆ ಟವೆಲ್ ಹಾಸಿ ಕುಳಿತೆ. ಬಿಳಿ ತಲೆಯ ಮೇಲೆ ಎರಡು ಕಪ್ಪು ಪಟ್ಟೆ, ಬೂದು ಮೈ. ನೂರಾರು ಹಕ್ಕಿಗಳು ಒಂದೇ ದಿಕ್ಕಿಗೆ ಮುಖಮಾಡಿ ನೀರಿನ ಮೇಲೆ ಸುಮ್ಮನಿದ್ದವು. ಹತ್ತು ಹಕ್ಕಿ ಎಷ್ಟು ಜಾಗ ಹಿಡಿಯುತ್ತವೆಂದು ಮೊದಲು ನೋಡಿಕೊಂಡು, ಆ ಅಳತೆಯಿಂದ ಹತ್ತು ಹತ್ತಾಗಿ ಎಣಿಸಿದೆ. ಮೊದಲ ಸಲ 210 ಬಂತು, ಎರಡನೇ ಸಲ 190. ಮೂರನೇ ಸಲ ಎಣಿಸುವಾಗ ಆಕಾಶದಲ್ಲಿ ಗಿಡುಗ ಕಾಣಿಸಿ ಅಷ್ಟೂ ಒಮ್ಮೆಲೇ ಎದ್ದವು. ನೀರು ಕಿತ್ತುಬಂದಂಥ ಸದ್ದು. ನಮ್ಮ ನೆತ್ತಿಯ ಮೇಲೆ ಒಂದು ಸುತ್ತು ಬಂದವು, ರೆಕ್ಕೆಯ ಗಾಳಿ ಕೇಳಿಸುವಷ್ಟು ಕೆಳಗೆ. ಪುಸ್ತಕದಲ್ಲಿ ‘ಸುಮಾರು 200’ ಎಂದು ಬರೆದೆ. ಮೊದಲಿನ ನಾನಾಗಿದ್ದರೆ 210 ಎನ್ನುತ್ತಿದ್ದೆ.

ಫೆಬ್ರವರಿ 14ರಿಂದ 17ರವರೆಗೆ ಕ್ಯಾಂಪಸ್ ಹಕ್ಕಿ ಗಣತಿ. ಜಗತ್ತಿನಾದ್ಯಂತ ಆ ನಾಲ್ಕು ದಿನ ಜನ ಹಿತ್ತಿಲ ಹಕ್ಕಿಗಳನ್ನು ಎಣಿಸುತ್ತಾರೆ. 1998ರಲ್ಲಿ ಅಮೆರಿಕದಲ್ಲಿ ಶುರುವಾದದ್ದು, 2013ರಿಂದ ನಮ್ಮಲ್ಲೂ ಇದೆ. ಕಾಲೇಜಿನ ಮೈದಾನದ ಅಂಚಿನಲ್ಲಿ ಬೂರುಗದ ಮರವೊಂದು ಎಲೆ ಉದುರಿಸಿ ಮೈತುಂಬ ಕೆಂಪು ಹೂ ಬಿಟ್ಟಿತ್ತು. ನಾನು ಅದರ ಕೆಳಗೆ ಕುರ್ಚಿ ಹಾಕಿಸಿಕೊಂಡೆ. ಮೊದಲ ವರ್ಷದ ಹುಡುಗಿಯರು ಮೂವರು ಬಂದು ಪಕ್ಕದಲ್ಲಿ ನಿಂತರು. ಗೊರವಂಕ, ಕಾಜಾಣ, ಸೂರಕ್ಕಿ, ಗುಲಾಬಿ ಕಬ್ಬಕ್ಕಿಗಳ ದಂಡು. ಎಲೆ ಉಳಿದಿದ್ದ ಪಕ್ಕದ ಮರದಲ್ಲಿ ಚಿಕ್ಕ ಉಲಿಯಕ್ಕಿಯೊಂದು ಒಂದು ಕ್ಷಣ ಕಂಡು ಮರೆಯಾಯಿತು. “ಅಕ್ಕ, ಅದು ಯಾವುದು?” ಎಂದು ಒಬ್ಬಳು ಕೇಳಿದಳು. ಚಳಿಗಾಲಕ್ಕೆ ಬರುವ ಹಸಿರು ಉಲಿಯಕ್ಕಿಗಳಲ್ಲಿ ಎರಡು ಮೂರನ್ನು ಅಷ್ಟರಲ್ಲಿ ಬೇರೆ ಮಾಡಲಾಗದು. “ಯಾವುದೋ ಒಂದು ಎಲೆ ಉಲಿಯಕ್ಕಿ. ಯಾವುದೆಂದು ನನಗೆ ಗೊತ್ತಾಗಲಿಲ್ಲ, ಹಾಗೆಯೇ ಬರ್ಕೋ” ಎಂದೆ. ಅವಳು ‘ಯಾವುದೋ ಒಂದು’ ಎಂದೇ ಬರೆದುಕೊಂಡಳು. ನಡುವೆ ಅವಳು, “ಕತ್ತಿಗೆ ಏನಾಯ್ತಕ್ಕ?” ಎಂದಾಗ ದುಪಟ್ಟಾ ಸರಿಮಾಡಿಕೊಳ್ಳದೆ, “ಟಿ.ಬಿ. ಗಂಟು. ಔಷಧಿ ತಗೋತಿದೀನಿ, ನಿಮಗೆ ಅಂಟಲ್ಲ” ಎಂದೆ. ಒಬ್ಬಳು ಎರಡು ಹೆಜ್ಜೆ ಹಿಂದೆ ಸರಿದಳು. ಕೇಳಿದವಳು ಮಾತ್ರ ಕುರ್ಚಿಯ ಪಕ್ಕದಲ್ಲೇ ನೆಲದ ಮೇಲೆ ಕುಳಿತು, “ನಮ್ಮ ದೊಡ್ಡಪ್ಪಂಗೂ ಆಗಿತ್ತು” ಎಂದಳು.

ಅದೇ ದಿನಗಳಲ್ಲಿ ಅರಳಿಮರದಿಂದ ಟುಕ್ ಟುಕ್ ಶುರುವಾಯಿತು. ಅಲ್ಲಿಂದ ಮುಂದೆ ಬಿಸಿಲೇರಿದಂತೆ ಅದು ಏರುತ್ತಲೇ ಹೋಯಿತು. ಕಟ್ಟೆಯಲ್ಲಿ ಹೂ ಕಟ್ಟುವ ಅಜ್ಜಿ ನನ್ನನ್ನು ಕಂಡಾಗಲೆಲ್ಲ, “ನಿನ್ ಹಕ್ಕಿ ಇವತ್ತು ಬೆಳಗ್ಗಿಂದ ಬಡೀತಾನೇ ಅದೆ ಕಣವ್ವ” ಎನ್ನುತ್ತಿದ್ದರು. ಏಪ್ರಿಲಿನಲ್ಲಿ ಕುಟ್ರಗಳೆರಡು ಒಣಕೊಂಬೆಯೊಂದರ ಅಡಿಭಾಗದಲ್ಲಿ ತೂತು ಕೊರೆದವು. ಕೊರೆದ ಪುಡಿ ಅಜ್ಜಿಯ ಮಲ್ಲಿಗೆಯ ಬುಟ್ಟಿಗೆ ಉದುರುತ್ತಿತ್ತು. ಅವರು ಬುಟ್ಟಿಯನ್ನು ಪಕ್ಕಕ್ಕೆ ಸರಿಸಿಕೊಂಡರು.

ಏಪ್ರಿಲ್ 27, ಭಾನುವಾರ. ಕೊನೆಯ ಮೂರು ಮಾತ್ರೆ ನುಂಗಿ, ಹೊಟ್ಟೆ ತಿಳಿಯಾಗುವವರೆಗೆ ಮಲಗಿದ್ದು, ಎಂಟು ಗಂಟೆಗೆ ತಾರಸಿಗೆ ಹೋದೆ. ಕೆಂಪು ದಾರ ಬಿಸಿಲಿಗೆ ನಿಜವಾಗಿಯೂ ಮಾಸಿತ್ತು. ಚಿಕ್ಕಮ್ಮ ಪೆಟ್ಟಿಗೆಯಿಂದ ಹೊಸ ಉಂಡೆ ತಂದು ಅದರ ಪಕ್ಕದಲ್ಲಿಟ್ಟು, ತಾವೂ ಒಂದು ಕಣ್ಣು ಮುಚ್ಚಿಕೊಂಡು ನೋಡಿ, “ಹೌದು ಪುಟ್ಟಿ, ಹಳೇದು ಮಾಸಿದೆ” ಎಂದರು. ಪುಸ್ತಕ ತೆರೆದು ಬರೆದೆ.

ಎಡಪುಟ: ಡೋಸು 168. ತೂಕ 49. ಜ್ವರ ಇಲ್ಲ. ಎಡಗಣ್ಣು ಸರಿ, ಬಲಗಣ್ಣು ಸರಿ. ಗಂಟು ಇನ್ನೂ ಇದೆ, ಕಡಲೆಕಾಳಿನಷ್ಟು.

ಬಲಪುಟ: ಬೆಳಕು ಚೆನ್ನಾಗಿದೆ. ಚಿಟ್ಟುಕುಟ್ರ 2, ಒಂದು ತೂತಿನೊಳಗೆ. ಗಿಳಿ 5. ಕೆಮ್ಮೀಸೆ ಪಿಕಳಾರ 3. ಕಾಗೆ 11. ಮಡಿವಾಳ ಹಕ್ಕಿ 1, ಹಾಡುತ್ತಿತ್ತು. ನವೆಂಬರಿನಿಂದ ದಿನವೂ ನೀರಿನ ತೊಟ್ಟಿಯ ಅಂಚಿನಲ್ಲಿ ಬಾಲ ಕುಣಿಸುತ್ತಿದ್ದ ಬೂದು ಸಿಪಿಲೆ, ಇಂದಿಗೆ ಆರನೇ ದಿನ, ಇಲ್ಲ.